ಕೈ ಮುಟ್ಟದೆ ಬಸ್ ತೊಳೆದ ಕಮಾನು

ವಾಹನ ತೊಳೆಯುವ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕಲಿಯಬೇಕಾದ್ದು ಉಜ್ಜದೆ ಇರುವುದನ್ನು. ನನಗೆ ಇದನ್ನು ಕಲಿಯಲು ಬಹಳ ವರ್ಷ ಹಿಡಿಯಿತು. ಅದೂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಎಂ.ಎಸ್ಸಿ. ಮುಗಿಸಿದ ಮೇಲೆ. ಈಗ ಇಂದಿರಾನಗರದಲ್ಲಿ ಕಾರನ್ನು ಒಂದು ಕೋಣೆಯೊಳಗೆ ನಿಲ್ಲಿಸಿದರೆ ಸಾಕು, ಯಾರೂ ಮುಟ್ಟದೆ ನೊರೆ ಬರುತ್ತದೆ, ನೀರು ಬರುತ್ತದೆ, ಕೊನೆಗೆ ಗಾಳಿ ಬೀಸುತ್ತದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಾರು ಹೊರಗಿರುತ್ತದೆ. ಅದೇ ಕೆಲಸವನ್ನು ನಾವು ಎಪ್ಪತ್ತರ ದಶಕದ ಆರಂಭದಲ್ಲಿ, ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಬಸ್ ಡಿಪೋದಲ್ಲಿ, ಗುಜರಿ ಸಾಮಾನು ಜೋಡಿಸಿ ಮಾಡಿದ್ದೆವು.

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆ ಕಾಲದ ಪ್ರಯೋಗದ ನೋಟ್‌ಬುಕ್ಕುಗಳಲ್ಲಿ ಎರಡು ಉಳಿದಿವೆ. ಅವು ಒಂದು ಹೇಳಿ ನೆನಪು ಇನ್ನೊಂದು ಹೇಳುವ ಕಡೆ ಎರಡನ್ನೂ ಬರೆಯುತ್ತೇನೆ. ಓದುವವರು ಬೇಕಾದ್ದನ್ನು ಇಟ್ಟುಕೊಳ್ಳಲಿ.

ಕಾರ್ಖಾನೆಗೆ ಸೇರಿದಾಗ ನನ್ನನ್ನು ಪ್ರಯೋಗಾಲಯಕ್ಕೆ ಹಾಕುತ್ತಾರೆ ಎಂದುಕೊಂಡಿದ್ದೆ. ಸಾರಿಗೆ ವಿಭಾಗಕ್ಕೆ ಹಾಕಿದರು. ಡೀಸೆಲ್, ಎಣ್ಣೆ, ಬಣ್ಣ, ಸಾಬೂನು ಇವುಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಶಿವಾಜಿನಗರ, ಹಲಸೂರು, ಕುಕ್ ಟೌನ್‌ಗಳಿಂದ ಕಾರ್ಮಿಕರನ್ನು ತರುವ ಬಸ್ಸುಗಳು ಬೆಳಗಿನ ಪಾಳಿಯವರನ್ನು ಇಳಿಸಿ ಡಿಪೋಗೆ ಬರುತ್ತಿದ್ದವು. ಕೆಲವು ಬಸ್ಸುಗಳು ಕಗ್ಗದಾಸಪುರದಂಥ ಹಳ್ಳಿಗಳ ಕೆಮ್ಮಣ್ಣಿನ ದಾರಿಯಲ್ಲಿ ಹೋಗಿ ಬರುತ್ತಿದ್ದವು. ಅವು ಒಳಗೆ ಬಂದಾಗ ಮೂಲ ಬಣ್ಣ ಯಾವುದೆಂದು ಹೇಳಲು ಕಷ್ಟವಾಗುತ್ತಿತ್ತು.

ಬಸ್ಸು ತೊಳೆಯಲು ಎಂಟು ಜನ ಹೆಂಗಸರಿದ್ದರು. ಎಲ್ಲರೂ ದಿನಗೂಲಿಯವರು. ಅವರಿಗೆ ಮುಂದಾಳು ಕಗ್ಗದಾಸಪುರದ ಕಾಂತಮ್ಮ. ನಲವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಮಾತು ಕಡಿಮೆ, ಆಡಿದರೆ ನೇರ. ಮನೆಯವರ ಹೊಲ ಯಾವುದೋ ಬಡಾವಣೆಗೆ ಹೋದ ಮೇಲೆ ಈ ಕೆಲಸಕ್ಕೆ ಬಂದಿದ್ದಳು. ತೆಂಗಿನ ನಾರು, ಮೆದು ಸಾಬೂನು, ಬಕೆಟ್ಟು ಇವೇ ಸಲಕರಣೆ. ಸಾಬೂನಿನಲ್ಲಿ ಸುಣ್ಣಕ್ಕಿಂತ ಕೆಟ್ಟ ಕ್ಷಾರವಿತ್ತು. ಅವಳ ಬೆರಳ ಸಂದುಗಳು ಸದಾ ಬಿರುಕು ಬಿಟ್ಟಿರುತ್ತಿದ್ದವು. ಆ ಸಾಬೂನನ್ನು ಪರೀಕ್ಷಿಸಿ ಪಾಸು ಮಾಡುತ್ತಿದ್ದವನು ನಾನೇ.

ಬಸ್ಸು ಅಡಿಯಲ್ಲಿ ಹಾದುಹೋದರೆ ನೀರು ಸುರಿಸಿ ತೊಳೆಯುವ ಕಮಾನಿನ ಆಲೋಚನೆ ನನ್ನದಲ್ಲ. ಅದು ಡಿಪೋದ ಫೋರ್‌ಮನ್ ಬಾಷಾ ಸಾಹೇಬರದು. ಶಿವಾಜಿನಗರದ ಗುಜರಿ ಅಂಗಡಿಗಳ ನಡುವೆ ಬೆಳೆದವರು. ಅಂಗಡಿಯವರು ಕಬ್ಬಿಣವೆಂದು ತೂಗುವುದರಲ್ಲಿ ಅವರಿಗೆ ಯಂತ್ರ ಕಾಣುತ್ತಿತ್ತು. ಒಂದು ದಿನ ನನ್ನನ್ನು ಬಿಸಿಲಿಗೆ ನಿಲ್ಲಿಸಿದ ಬಸ್ಸಿನ ಪಕ್ಕಕ್ಕೆ ಕರೆದುಕೊಂಡು ಹೋಗಿ, ಬಣ್ಣವನ್ನು ಓರೆಯಾಗಿ ನೋಡಲು ಹೇಳಿದರು. ಬಣ್ಣದ ತುಂಬ ಕೂದಲೆಳೆಯಂಥ ಗೀರುಗಳಿದ್ದವು.

"ಇದು ರೋಡ್ ಮಾಡಿದ್ದಲ್ಲ ಸಾರ್, ನಾವು ಮಾಡಿದ್ದು," ಎಂದರು. "ಮಣ್ಣಲ್ಲಿ ಮರಳೈತೆ. ನಾರು ಹಾಕಿ ಉಜ್ಜಿದ್ರೆ ಮರಳು ಕಾಗದ ಹಾಕಿ ಉಜ್ಜಿದಂಗೇ. ಕೈಯೇ ಹಾಕಬಾರ್ದು. ಮಣ್ಣು ತಾನೇ ಬಿಟ್ಟು ಹೋಗ್ಬೇಕು."

ಮಣ್ಣು ತಾನಾಗಿ ಬಿಟ್ಟುಹೋಗುವುದಿಲ್ಲ ಎಂದು ನಾನು ವಾದಿಸಿದೆ. ನನ್ನ ಸ್ವಭಾವವೇ ಹಾಗೆ. ಯಾರು ಏನೇ ಹೇಳಲಿ, ಮೊದಲು ಅದು ಯಾಕೆ ಆಗದು ಎಂದು ಹುಡುಕುತ್ತೇನೆ. ಬಾಷಾ ಸಾಹೇಬರಿಗೆ ಅದರಿಂದ ಬೇಸರವಾಗುತ್ತಿರಲಿಲ್ಲ. ಆಗದಿರಲು ಕಾರಣ ಸಿಕ್ಕಿದರೆ ಅರ್ಧ ಕೆಲಸ ಆದಂತೆ ಎನ್ನುತ್ತಿದ್ದರು.

ನಮ್ಮ ಮೇಲಧಿಕಾರಿ ಸೈನ್ಯದಿಂದ ನಿವೃತ್ತರಾಗಿ ಬಂದವರು. ಡಿಪೋದಲ್ಲಿ ಎಲ್ಲರೂ ಅವರನ್ನು ಮೇಜರ್ ಸಾಹೇಬರು ಎನ್ನುತ್ತಿದ್ದರು. ಅವರು ಬಾಷಾರ ಯೋಜನೆಗೆ ಒಪ್ಪಿದರು. ಒಪ್ಪುವಾಗಲೇ, ಇದು ಯಶಸ್ವಿಯಾದರೆ ತೊಳೆಯುವ ದಿನಗೂಲಿಯವರು ಬೇಕಾಗುವುದಿಲ್ಲ ಎಂದೂ ಹೇಳಿದರು. ಅದರಲ್ಲಿ ಕೇಡಿನ ದನಿಯೇನೂ ಇರಲಿಲ್ಲ, ಲೆಕ್ಕ ಹೇಳಿದಂತೆ ಹೇಳಿದರು. ಕಿಟಕಿಯ ಹೊರಗೆ ಕಾಂತಮ್ಮ ಬಕೆಟ್ಟು ಹಿಡಿದು ನಿಂತಿದ್ದಳು. ಸಂಜೆಯೊಳಗೆ ಎಂಟೂ ಜನಕ್ಕೆ ಸುದ್ದಿ ಮುಟ್ಟಿತ್ತು. ಮರುದಿನ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ಕೈ ಮುಟ್ಟದೆ ತೊಳುದ್ರೆ ಈ ಕೈಗಳ್ನ ಎಲ್ಲಿ ಇಟ್ಕೊಳಾಣ ಸಾರ್?" ನಾನು, ಅದು ಆಗುವ ಕೆಲಸವಲ್ಲ, ಹೆದರಬೇಡ ಎಂದೆ. ಆಗ ಹಾಗೇ ನಂಬಿದ್ದೆ.

ಮೊದಲ ಕಮಾನು ನನ್ನ ಮಾತನ್ನು ನಿಜ ಮಾಡಿತು. ಎರಡು ಅಂಗುಲದ ಪೈಪನ್ನು ಬಾಗಿಲ ಚೌಕಟ್ಟಿನಂತೆ ಬಗ್ಗಿಸಿ, ಉದ್ದಕ್ಕೂ ತೂತು ಕೊರೆದು, ಹಳೆಯ ಬೆಂಕಿ ಆರಿಸುವ ಪಂಪಿಗೆ ಜೋಡಿಸಿದ್ದರು. ನೀರು ಜೋರಾಗಿಯೇ ಬಂತು. ಬಸ್ಸು ಒದ್ದೆಯಾಯಿತು, ಒಣಗಿತು, ಮೊದಲಿನಂತೆಯೇ ಕೆಂಪಗೆ ನಿಂತಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಬಾಷಾ ಒಂದು ವಾರ ಕಮಾನಿನ ಕಡೆ ಸುಳಿಯಲಿಲ್ಲ. ಆಮೇಲೆ ಹೂತೋಟದ ಮಾಲಿ ನೀರು ಹಾಕುವುದನ್ನು ನೋಡುತ್ತಾ ನಿಂತಿದ್ದರಂತೆ. ಮಾಲಿ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದಾಗ ನೀರು ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಅದನ್ನೇ ಬಾಷಾ ಹಿತ್ತಾಳೆಯಲ್ಲಿ ಮಾಡಿದರು. ಗುಜರಿಯಿಂದ ತಂದ ಹಿತ್ತಾಳೆಯ ಮೂತಿಗಳನ್ನು ಒಂದೊಂದಾಗಿ ಬಡಿದು ಚಪ್ಪಟೆ ಮಾಡಿ, ಸಣ್ಣ ಸೀಳು ಬಿಟ್ಟು, ಕಮಾನಿನ ತೂತುಗಳಿಗೆ ಕೂರಿಸಿದರು. ನೇರವಾಗಿ ಬಡಿದ ನೀರು ಹಿಂದಕ್ಕೆ ಹಾರುತ್ತದೆ, ಓರೆಯಾಗಿ ಬಂದ ನೀರು ಮಣ್ಣಿನ ಅಡಿಗೆ ನುಗ್ಗುತ್ತದೆ ಎಂದು ಮೂತಿಗಳನ್ನೆಲ್ಲ ಸ್ವಲ್ಪ ಓರೆಗೆ ತಿರುಗಿಸಿದರು. ಕೋನವನ್ನು ಅವರು ಅಳೆಯಲಿಲ್ಲ. ನಾನು ಆಮೇಲೆ ಅಳೆದೆ. ಎಲ್ಲ ಮೂತಿಗಳೂ ಒಂದೇ ಕೋನಕ್ಕೆ ಇದ್ದವು. ಅದು ಹೇಗೆ ಸಾಧ್ಯವಾಯಿತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಮುಂದಿನದು ಹಲಗೆ. ಬಸ್ಸಿನ ಮುಂಚಕ್ರ ನೆಲದ ಹಲಗೆಯನ್ನು ತುಳಿದರೆ ಸನ್ನೆಕೋಲು ಎದ್ದು ವಾಲ್ವ್ ತೆರೆಯುತ್ತಿತ್ತು. ಇನ್ನೂ ಮುಂದೆ ಇದ್ದ ಎರಡನೆಯ ಹಲಗೆ ತುಳಿದರೆ ಆ ವಾಲ್ವ್ ಮುಚ್ಚಿ ಇನ್ನೊಂದು ತೆರೆಯುತ್ತಿತ್ತು. ಡ್ರೈವರ್ ನಡಿಗೆಯ ವೇಗದಲ್ಲಿ ಬಸ್ಸು ನಡೆಸಿದರೆ ಮಿಕ್ಕದ್ದೆಲ್ಲ ತಾನಾಗಿ. ಅದನ್ನು ನೋಡಲು ಸಿಬ್ಬಂದಿ ಅಧಿಕಾರಿಯೊಬ್ಬರು ಕಾರಿನಲ್ಲಿ ಬಂದರು. ಕಿಟಕಿಯ ಗಾಜು ಇಳಿಸಿಕೊಂಡು, ಎಲ್ಲಿ ನಿಮ್ಮ ಯಂತ್ರ ಎಂದು ಕೇಳುತ್ತಾ ಹಲಗೆಯ ಮೇಲೆಯೇ ಕಾರು ನಿಲ್ಲಿಸಿದರು. ಬಾಷಾ ಓಡಿಹೋಗಿ ಪಂಪು ನಿಲ್ಲಿಸುವ ಹೊತ್ತಿಗೆ ಅವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆಮೇಲೆ ಹಲಗೆಗೆ ಬಲವಾದ ಸ್ಪ್ರಿಂಗ್ ಹಾಕಿದೆವು, ಬಸ್ಸಿನ ಭಾರಕ್ಕೆ ಮಾತ್ರ ಬಗ್ಗುವಂತೆ.

ಇಷ್ಟಾದರೂ ನೀರೊಂದರಿಂದಲೇ ಬಸ್ಸು ಸ್ವಚ್ಛವಾಗುತ್ತಿರಲಿಲ್ಲ. ದಪ್ಪ ಮಣ್ಣು ಹೋಗುತ್ತಿತ್ತು. ಬೂದು ಬಣ್ಣದ ಒಂದು ಪೊರೆ ಉಳಿಯುತ್ತಿತ್ತು. ಅದು ನನ್ನ ವಿಷಯ. ನೀರಿಗೆ ಮೊದಲು ಒಂದು ದ್ರಾವಣ ಸಿಂಪಡಿಸಿ, ಕೆಲವು ನಿಮಿಷ ಬಿಟ್ಟು, ಆಮೇಲೆ ನೀರು ಹೊಡೆಯಬೇಕು ಎಂದೆ. ಎಣ್ಣೆ ಪಸೆ ಬಿಡಿಸಲು ಕಾಸ್ಟಿಕ್ ಸೋಡಾ ಕಲಸಿದೆ. ಹಳೆಯ ಬಸ್ಸಿನ ಬಣ್ಣದ ಬಾಗಿಲೊಂದರ ಮೇಲೆ ಪರೀಕ್ಷಿಸಿದೆ. ಚೆನ್ನಾಗಿಯೇ ಬಂತು.

ಬಾಗಿಲಿನ ಮೇಲೆ ಮಾತ್ರ ಪರೀಕ್ಷಿಸಿದ್ದೆ ಎಂಬುದೇ ನನ್ನ ತಪ್ಪಿನ ಮೊದಲ ಭಾಗ. ನಮ್ಮ ಬಸ್ಸುಗಳ ಕೆಳಗಿನ ಅರ್ಧಕ್ಕೆ ಬಣ್ಣ ಬಳಿಯುತ್ತಿರಲಿಲ್ಲ. ಅಲ್ಯೂಮಿನಿಯಂ ತಗಡನ್ನು ಹೊಳೆಯುವಂತೆ ಹಾಗೇ ಬಿಟ್ಟಿದ್ದರು, ಅದು ಕಾರ್ಖಾನೆಯ ಹೆಮ್ಮೆ. ಎರಡನೆಯ ಭಾಗ ಊಟದ ಸೈರನ್. ಸೈರನ್ ಕೂಗಿತೆಂದರೆ ಬಿಗಿಯುತ್ತಿದ್ದ ಬೋಲ್ಟನ್ನು ಅರ್ಧಕ್ಕೆ ಬಿಟ್ಟು ಏಳುವುದು ನಮ್ಮಲ್ಲಿ ರೂಢಿ. ದ್ರಾವಣ ಬಸ್ಸಿನ ಮೈಮೇಲೆಲ್ಲ ಇಳಿಯುತ್ತಿದ್ದಾಗ ಸೈರನ್ ಕೂಗಿತು. ಪಂಪಿನವನು ಪಂಪು ನಿಲ್ಲಿಸಿ ಎದ್ದ. ಡ್ರೈವರ್ ಇಳಿದ. ಎಂ.ಎಸ್ಸಿ. ಓದಿದವನೂ ಅವರ ಹಿಂದೆಯೇ ಕ್ಯಾಂಟೀನಿಗೆ ಹೋಗಿ ಅನ್ನ ಸಾರು ಉಂಡು ಬಂದ.

ಬಂದು ನೋಡಿದರೆ ಕಾಸ್ಟಿಕ್ ತಿಂದು ತಗಡು ಕಪ್ಪಾಗಿತ್ತು. ನನ್ನ ನೆನಪಿನಲ್ಲಿ ಅದು ಕಾವಲಿಯ ತಳದಂಥ ಕಪ್ಪು. ನೋಟ್‌ಬುಕ್ಕಿನಲ್ಲಿ 'ಗಾಢ ಬೂದು' ಎಂದಿದೆ. ಆ ಸಂಜೆಯೇ ಮೇಜರ್ ಸಾಹೇಬರ ಬಳಿ ಹೋಗಿ ತಪ್ಪು ಒಪ್ಪಿಕೊಂಡೆ ಎಂದೂ ನನಗೆ ನೆನಪು. ನೋಟ್‌ಬುಕ್ಕಿನಲ್ಲಿ ನನ್ನದೇ ಕೈಬರಹದಲ್ಲಿ 'ಕಾರಣ ಪರಿಶೀಲನೆಯಲ್ಲಿದೆ' ಎಂದಿದೆ. ಇಲ್ಲಿ ನೋಟ್‌ಬುಕ್ಕನ್ನೇ ನಂಬಬೇಕಾಗುತ್ತದೆ.

ಕಾಂತಮ್ಮನಿಗೆ ಪರಿಶೀಲನೆಯ ಅಗತ್ಯವಿರಲಿಲ್ಲ. ಬಸ್ಸಿನ ಸುತ್ತ ಒಮ್ಮೆ ನಡೆದು ಬಂದು, "ತೊಳ್ದೋರು ಯಾರು ಅಂತ ಕೇಳ್ತಾರೆ. ಕಮಾನು ಅಂತೀರಾ? ನಮ್ ಹೆಸರೇ ಹೇಳ್ತೀರ," ಎಂದಳು. ಅವಳು ಇಬ್ಬರನ್ನು ಕರೆದುಕೊಂಡು ಕ್ಯಾಂಟೀನಿನ ಹಿತ್ತಲಿಗೆ ಹೋದಳು. ಅಲ್ಲಿ ದಿನಾ ಸಾರಿಗೆ ಹಿಂಡಿದ ಹುಣಸೆಹಣ್ಣಿನ ಚರಟ ಬಕೆಟ್ಟುಗಟ್ಟಲೆ ಬಿದ್ದಿರುತ್ತಿತ್ತು. ಅದಕ್ಕೆ ನೀರು ಬೆರೆಸಿ ಕಿವುಚಿ, ಆ ರಸವನ್ನು ಬಸ್ಸಿನ ಮೇಲಿನಿಂದ ಚೊಂಬುಚೊಂಬಾಗಿ ಸುರಿದರು. ಕೆಳಗೆ ತಗಡಿಗೆ ಚರಟ ಹಚ್ಚಿ ತಿಕ್ಕಿದರು. ಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಕಪ್ಪಾದರೆ ಎಲ್ಲರೂ ಮಾಡುವುದು ಅದನ್ನೇ. ಸಂಜೆಯ ಪಾಳಿಗೆ ಬಸ್ಸು ಹೊರಡುವಾಗ ತಗಡು ಹೊಳೆಯುತ್ತಿತ್ತು. ಯಾರೂ ಏನೂ ಕೇಳಲಿಲ್ಲ.

ಅವಳು ತನ್ನ ಕೆಲಸ ಉಳಿಸಿಕೊಳ್ಳಲು ಮಾಡಿದ್ದು ಅದು. ಆದರೆ ಮರುದಿನ ಅದೇ ಬಸ್ಸನ್ನು ಕಮಾನಿನ ಕೆಳಗೆ ತಂದಾಗ ನಾನು ಕಂಡದ್ದು ಬೇರೆ. ಈ ಸಲ ಕಾಸ್ಟಿಕ್ ಬಿಟ್ಟು ಬರೀ ವಾಷಿಂಗ್ ಸೋಡಾ ಕಲಸಿದ್ದೆವು. ನೀರು ನಿಂತ ಮೇಲೆ ಬಸ್ಸಿನ ಬಣ್ಣದ ಮೇಲ್ಭಾಗದಲ್ಲಿ ಮೇಲಿಂದ ಕೆಳಕ್ಕೆ ಪಟ್ಟೆಗಳು ಎದ್ದು ಕಾಣುತ್ತಿದ್ದವು. ಹಿಂದಿನ ದಿನ ಹುಣಸೆರಸ ಹರಿದ ಜಾಗದಲ್ಲೆಲ್ಲ ಬಣ್ಣ ಹೊಸದರಂತೆ ಇತ್ತು. ಅಲ್ಲಿ ಯಾರೂ ಉಜ್ಜಿರಲಿಲ್ಲ. ರಸ ಸುಮ್ಮನೆ ಹರಿದು ಒಣಗಿತ್ತು, ಅಷ್ಟೆ. ಪಟ್ಟೆಗಳ ನಡುವೆ ಹಳೆಯ ಬೂದು ಪೊರೆ ಹಾಗೇ ಇತ್ತು.

ನಾನು ನಂಬಲಿಲ್ಲ. ಮೂರು ವಾರ ಅರ್ಧ ಬಸ್ಸಿಗೆ ಹುಳಿ, ಅರ್ಧ ಬಸ್ಸಿಗೆ ಬರೀ ನೀರು ಹಾಕಿ ನೋಡಿದೆ. ಪ್ರತಿ ಸಲವೂ ಹುಳಿಯೇ ಗೆದ್ದಿತು. ಆಗ ಅರ್ಥವಾಯಿತು: ನಮ್ಮ ಕೊಳವೆಬಾವಿಯ ನೀರು ಗಡಸು. ದಿನದಿನವೂ ಅದರಲ್ಲೇ ತೊಳೆದು ಬಸ್ಸಿನ ಮೈಗೆ ಸುಣ್ಣದ ತೆಳು ಪದರ ಕಟ್ಟಿತ್ತು. ಧೂಳು ಆ ಸುಣ್ಣಕ್ಕೆ ಅಂಟಿತ್ತೇ ಹೊರತು ಬಣ್ಣಕ್ಕಲ್ಲ. ಹುಳಿ ಸುಣ್ಣವನ್ನು ಸಡಿಲ ಮಾಡುತ್ತದೆ. ಹಿಂದೆಯೇ ಬರುವ ಸೋಡಾ ಎಣ್ಣೆಯನ್ನು ಬಿಡಿಸುತ್ತದೆ. ಹಿಡಿತ ಎರಡೂ ಕಡೆ ತಪ್ಪಿದ ಮಣ್ಣನ್ನು ನೀರು ಎತ್ತಿಕೊಂಡು ಹೋಗುತ್ತದೆ. ಇಂದಿನ ಯಂತ್ರಗಳಲ್ಲಿಯೂ ಮೊದಲು ಆಮ್ಲ, ಆಮೇಲೆ ಕ್ಷಾರ ಎಂಬ ಕ್ರಮವಿರುವುದನ್ನು ನೋಡಿದ್ದೇನೆ. ನಾವು ಹುಣಸೆ ಚರಟದ ಬದಲು ನಿಂಬೆ ಉಪ್ಪಿನ, ಅಂದರೆ ಸಿಟ್ರಿಕ್ ಆಮ್ಲದ, ತೆಳು ದ್ರಾವಣ ಬಳಸಿದೆವು. ತಗಡು ಕೆಡದಂತೆ ಸೋಡಾಗೆ ಸ್ವಲ್ಪ ಸಿಲಿಕೇಟ್ ಸೇರಿಸಿದೆವು. ಕೊನೆಯ ನೀರು ಕಲೆ ಬಿಡದಿರಲೆಂದು ಬಾಯ್ಲರ್ ಕೋಣೆಯಿಂದ ಮೆದುಗೊಳಿಸಿದ ನೀರಿಗೆ ಪೈಪು ಎಳೆದೆವು.

ಇನ್ನೊಂದು ಪಾಠವನ್ನೂ ಆಗಲೇ ಕಲಿತೆವು. ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ ಹಾಕಬೇಕು, ನೀರನ್ನು ಮೇಲಿನಿಂದ ಕೆಳಕ್ಕೆ. ಒಣ ಮೈಯ ಮೇಲೆ ದ್ರಾವಣ ಮೇಲಿಂದ ಇಳಿದರೆ ಹರಿದ ದಾರಿಗಳೆಲ್ಲ ಗೆರೆಯಾಗಿ ಉಳಿಯುತ್ತವೆ. ಕೆಳಭಾಗದಲ್ಲಿ ಮಣ್ಣು ಹೆಚ್ಚು, ಅಲ್ಲಿ ದ್ರಾವಣ ಹೆಚ್ಚು ಹೊತ್ತು ನಿಲ್ಲಲಿ ಎಂಬುದೂ ಇದೆ. ಆದರೆ ಎಲ್ಲಿಯೂ ಒಣಗಲು ಬಿಡಬಾರದು. ಬಾಷಾ ಅದಕ್ಕಾಗಿ ಕಮಾನಿನ ಮೇಲೆ ತಗಡಿನ ನೆರಳು ಹಾಕಿಸಿದರು. ಊಟದ ಸೈರನ್ನಿಗೆ ಅರ್ಧ ಗಂಟೆ ಮೊದಲು ಯಾವ ಬಸ್ಸನ್ನೂ ಒಳಗೆ ಬಿಡಬಾರದೆಂದು ಬೋರ್ಡು ಬರೆಸಿದರು.

ಅದು ಸರಿಯಾಗಿ ಕೆಲಸ ಮಾಡಿದ ಮೊದಲ ದಿನವನ್ನು ಹೇಗೆ ವರ್ಣಿಸುವುದೋ ತಿಳಿಯದು. ಕೆಮ್ಮಣ್ಣು ಮೆತ್ತಿದ ಬಸ್ಸು ಒಂದು ಕಡೆಯಿಂದ ನಿಧಾನವಾಗಿ ಒಳಗೆ ಹೋಯಿತು. ಹಲಗೆ ತುಳಿಯಿತು, ಹುಳಿ ಬಂತು. ಮುಂದೆ ಸರಿಯಿತು, ಸೋಡಾ ಬಂತು. ಒಂದು ನಿಮಿಷ ಏನೂ ಆಗದೆ ನಿಂತಿತು. ಆಮೇಲೆ ನೀರಿನ ಬೀಸಣಿಗೆಗಳು ಒಂದರ ಅಂಚಿಗೆ ಒಂದು ಸೇರಿ ಬಂದವು. ಮಣ್ಣು ಹಾಳೆಹಾಳೆಯಾಗಿ ಜಾರಿ ನೆಲಕ್ಕಿಳಿಯಿತು. ಇನ್ನೊಂದು ಕಡೆಯಿಂದ ನೀಲಿ ಬಸ್ಸು ಹೊರಗೆ ಬಂತು. ಬಾಷಾ ಸಾಹೇಬರು ಅದನ್ನು ಒಣಗಿಸಲು ಆಟದ ಮೈದಾನದ ಸುತ್ತ ಒಂದು ಸುತ್ತು ಓಡಿಸಲು ಹೇಳಿ, ತಾವು ತಿರುಗಿ ನಿಂತು ಮುಖ ಒರೆಸಿಕೊಂಡರು. ನೀರಿನ ಹನಿ ಇರಬಹುದು.

ಎಂಟು ಜನ ಹೆಂಗಸರೂ ಸಾಲಾಗಿ ನಿಂತು ನೋಡಿದರು. ಈ ಸಲ ಯಾರೂ ನಗಲಿಲ್ಲ.

ಈಗ ವರದಿ ಬರೆಯುವುದು ನನ್ನ ಪಾಲಿಗೆ ಬಂತು. 'ಬೇಕಾಗುವ ಸಿಬ್ಬಂದಿ' ಎಂಬ ಜಾಗದಲ್ಲಿ ಇಬ್ಬರು ಎಂದು ಬರೆದೆ: ಪಂಪಿಗೆ ಒಬ್ಬ, ದ್ರಾವಣಕ್ಕೆ ಒಬ್ಬ. ಹುಣಸೆಹಣ್ಣಿನ ಮಾತು ಬರೆಯಲಿಲ್ಲ. 'ದುರ್ಬಲ ಸಾವಯವ ಆಮ್ಲ' ಎಂದು ಬರೆದೆ. ಬಾಷಾ ಓದಿಸಿ ಕೇಳಿ, "ಕಾಂತಮ್ಮನ್ ಹೆಸರೇ ಇಲ್ವಲ್ಲ ಸಾರ್," ಎಂದರು. ವರದಿಯಲ್ಲಿ ಹೆಸರು ಬರೆಯುವ ಪದ್ಧತಿ ಇಲ್ಲ ಎಂದೆ. ಬಾಷಾರ ಹೆಸರನ್ನು ಮಾತ್ರ ಬರೆದಿದ್ದೆ.

ಬಿಟ್ಟದ್ದು ಇನ್ನೂ ಒಂದಿತ್ತು. ಬಸ್ಸಿನ ಹಿಂಭಾಗವನ್ನು ನಾನು ಪರೀಕ್ಷಿಸಿದ್ದೆ. ಹೊಗೆಕೊಳವೆಯ ಸುತ್ತಲಿನ ಮಸಿಗೆ ಕಮಾನಿನ ನೀರು ತಾಗುತ್ತಿರಲಿಲ್ಲ. ಬಸ್ಸು ಮುಂದೆ ಚಲಿಸುವುದರಿಂದ ಹಿಂಬದಿಗೆ ನೀರು ಬೀಳುವುದೇ ಕಡಿಮೆ. ಫಲಿತಾಂಶ ನೋಟ್‌ಬುಕ್ಕಿನಲ್ಲಿದೆ. ವರದಿಗೆ ಅದನ್ನು ಸೇರಿಸಲಿಲ್ಲ. ಬಾಷಾರ ಯಂತ್ರಕ್ಕೆ ಕಪ್ಪು ಚುಕ್ಕೆ ಬೇಡವೆಂದು ಬಿಟ್ಟೆ ಎಂದು ಬಹಳ ವರ್ಷ ಹೇಳಿಕೊಂಡಿದ್ದೇನೆ. ನನ್ನ ದ್ರಾವಣದ ಯಶಸ್ಸಿಗೆ ಬೇಡವಾಗಿತ್ತು ಎಂಬುದೂ ಅಷ್ಟೇ ನಿಜವಿರಬೇಕು.

ಮೇಜರ್ ಸಾಹೇಬರು ಖುದ್ದಾಗಿ ನೋಡಲು ಬಂದ ದಿನ ಅತ್ಯಂತ ಕೊಳೆಯಾದ ಬಸ್ಸನ್ನೇ ತಾವು ಆರಿಸಿದರು. ಅದು ಹೊರಗೆ ಬಂದಾಗ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಬಸ್ಸಿನ ಬದಿಯನ್ನು ಮುಂದಿನಿಂದ ಹಿಂದಿನ ಚಕ್ರದವರೆಗೆ ಒರೆಸಿದರು. ಬಿಚ್ಚಿ ತೋರಿಸಿದರು. ಕರವಸ್ತ್ರ ಬೆಳ್ಳಗಿತ್ತು. "ವೆರಿ ಗುಡ್ ಬಾಷಾ," ಎಂದು ಅವರ ಕೈ ಕುಲುಕಿದರು. ನನ್ನ ಕಡೆ ತಿರುಗಿ, ಹಾಗಾದರೆ ಒಂದನೇ ತಾರೀಖಿನಿಂದ ತೊಳೆಯುವ ಹೆಂಗಸರು ಬೇಡ ಎಂದು ಬರೆದುಬಿಡಿ ಎಂದರು.

ಕಾಂತಮ್ಮ ಸಾಲಿನಿಂದ ಮುಂದೆ ಬಂದಳು. "ಸಾರ್, ಆ ಬಟ್ಟೆ ಒಂದ್ ಗಳಿಗೆ ಕೊಡ್ತೀರಾ?"

ಮೇಜರ್ ಸಾಹೇಬರು ಏನೆಂದು ತಿಳಿಯದೆ ಕೊಟ್ಟುಬಿಟ್ಟರು. ಅವಳು ಬಸ್ಸಿನ ಹಿಂದಕ್ಕೆ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಹೊಗೆಕೊಳವೆಯ ಮೇಲೆ, ಮಡ್‌ಗಾರ್ಡಿನ ಒಳಗೆ ಒಂದೊಂದು ಸಲ ಒರೆಸಿದಳು. ಅವರ ಕೈಗೆ ಹತ್ತದಂತೆ ಮಸಿಯ ಭಾಗವನ್ನು ಒಳಗೆ ಮಡಿಸಿ, ಬೆಳ್ಳಗಿನ ಮೂಲೆ ಹಿಡಿದು ವಾಪಸು ಕೊಟ್ಟಳು. ಅವರು ಬಿಚ್ಚಿದರು.

"ಅಲ್ಲೀಗೆ ನೀರು ಬರಾಕಿಲ್ಲ ಸಾರ್. ನಾವು ಬತ್ತೀವಿ," ಎಂದಳು.

ಬಾಷಾ ನಿವೃತ್ತರಾಗುವವರೆಗೂ ಈ ಮಾತನ್ನು ಇನ್ನೂ ಉದ್ದ ಮಾಡಿ ಹೇಳುತ್ತಿದ್ದರು. ನನಗೆ ಕೇಳಿಸಿದ್ದು ಇಷ್ಟೇ. ಕಮಾನು ಕಟ್ಟಿದವರು ಅವರು. ಮೇಲಧಿಕಾರಿಯ ಎದುರಿಗೆ ಅದರ ಕೊರತೆ ಹೊರಬಿತ್ತು. ಅವರು ಕೋಪ ಮಾಡಿಕೊಳ್ಳುತ್ತಾರೆ ಎಂದು ಕಾದೆ. ಅವರು ಮುಂದೆ ಬಂದು, "ಸಹೀ ಬಾತ್ ಸಾರ್. ಅಲ್ಲಿ ನನ್ ನೀರು ಹೋಗಲ್ಲ. ನನಗೆ ಗೊತ್ತಿತ್ತು," ಎಂದರು.

ಮೇಜರ್ ಸಾಹೇಬರು ನನ್ನನ್ನು ಕೇಳಿದರು: "ಹಿಂದುಗಡೆ ಟೆಸ್ಟ್ ಮಾಡಿದ್ರಾ?"

"ಮಾಡಿದ್ದೆ ಸಾರ್."

"ರಿಪೋರ್ಟ್‌ನಲ್ಲಿ ಎಲ್ಲಿದೆ?"

ಅವರು ಬೈಯಲಿಲ್ಲ. ವರದಿಯನ್ನು ಅಲ್ಲೇ ನನ್ನ ಕೈಗೆ ವಾಪಸು ಕೊಟ್ಟರು. ನೀರು ತಾಗದ ಜಾಗಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ, ಅದಕ್ಕೆ ಎಷ್ಟು ಕೈ ಬೇಕು ಎಂದು ಬರೆದು ತನ್ನಿ, ತರುವ ಮೊದಲು ಆ ಹೆಂಗಸರಿಗೆ ಓದಿ ಹೇಳಿ, ಅವರು ಸರಿ ಎಂದರೆ ಮಾತ್ರ ರುಜು ಹಾಕುತ್ತೇನೆ ಎಂದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಹೀಗೆ ಹೇಳಿದವರು ಅವರೊಬ್ಬರೇ.

ಎರಡು ದಿನ ಬಸ್ಸುಗಳ ಅಡಿಯಲ್ಲಿ ಮಲಗಿ, ಸಂದುಗೊಂದು ನೋಡಿ ಪಟ್ಟಿ ಮಾಡಿದೆ. ದ್ರಾವಣ ಕಲಸುವವರೂ ಸೇರಿ ಆರು ಜನ ಬೇಕು ಎಂದು ಬಂತು. ಇನ್ನಿಬ್ಬರಿಗೆ ಬಾಷಾ ಸಾಹೇಬರು ಕ್ಯಾಂಟೀನಿನಲ್ಲಿ ಮಾತಾಡಿ ಜಾಗ ಮಾಡಿಸಿದ್ದರು. ಆಮ್ಲದ ವಿಷಯ ಬರುವ ಕಡೆ, ಈ ಕ್ರಮವನ್ನು ಮೊದಲು ತೋರಿಸಿದವರು ಕಾಂತಮ್ಮ ಎಂದು ಸೇರಿಸಿದೆ. ದ್ರಾವಣ ಕಲಸುವ ಕೆಲಸಕ್ಕೆ ಅವಳ ಹೆಸರನ್ನೇ ಸೂಚಿಸಿದೆ.

ನೆರಳಿನ ತಗಡಿನ ಕೆಳಗೆ ಎಂಟು ಜನರನ್ನೂ ಕೂರಿಸಿಕೊಂಡು ಓದಿದೆ. ಹೊಗೆಕೊಳವೆಯ ಮೇಲ್ಭಾಗ, ಮಡ್‌ಗಾರ್ಡಿನ ಒಳಮೈ, ಮೆಟ್ಟಿಲ ಅಡಿ, ಬಾಗಿಲ ಕೀಲು, ನಂಬರ್ ಪ್ಲೇಟಿನ ಹಿಂದೆ. ಕಾಂತಮ್ಮ ಒಂದೊಂದಕ್ಕೂ ತಲೆ ಆಡಿಸುತ್ತಾ ಕೇಳಿದಳು. ತನ್ನ ಹೆಸರು ಬಂದಾಗಲೂ ಹಾಗೇ ತಲೆ ಆಡಿಸಿದಳು. ಮುಗಿಯಿತು ಎಂದು ನಾನು ಹಾಳೆ ಮಡಿಸುತ್ತಿದ್ದೆ.

"ಏಣಿ ಬಿಟ್ಟೋಯ್ತು ಸಾರ್," ಎಂದಳು. "ಹಿಂದ್ಗಡೆ ಟಾಪಿಗೆ ಹತ್ತೋ ಏಣಿ. ಅದರ ಒಂದೊಂದ್ ಮೆಟ್ಲೂ ಸುತ್ತ ಕೈ ಹಾಕ್ಬೇಕು. ಬರ್ಕೊಳ್ಳಿ."

ಹಾಳೆ ಬಿಚ್ಚಿ ಬರೆದುಕೊಂಡೆ.